ಗಂಗಾರಾಮ ತಾಂಬಟ ಮತ್ತು ಪುಣೆಯ ಒಳಾಂಗಣ ರೇಖಾಚಿತ್ರಗಳು

ಗಂಗಾರಾಮ ಚಿಂತಾಮಣ ನವಗಿರೆ ತಾಂಬಟ 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪುಣೆಯಲ್ಲಿದ್ದ ಚಿತ್ರಕಾರ. ಪೇಶ್ವೆ ಸವಾಯಿ ಮಾಧವರಾಯನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ವಾರ್ ಮ್ಯಾಲೆಟ್‌ನ ಬಳಿ ಕೆಲಸ ಮಾಡುತ್ತಿದ್ದ ಈತ ಪೆನ್ಸಿಲ್, ಶಾಯಿ ಮತ್ತು ಜಲವರ್ಣಗಳಲ್ಲಿ ಗುಹಾಲಯಗಳ ಒಳಭಾಗ, ಶಿಲ್ಪ, ಪ್ರಾಣಿ, ನಗರದ ನೋಟಗಳನ್ನು ಬರೆದ. ಆ ಕಾಲದಲ್ಲಿ ಕಂಪನಿಯ ಅಧಿಕಾರಿಗಳಿಗಾಗಿ ಚಿತ್ರ ಬರೆದ ದೇಶೀ ಕಲಾವಿದರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ. ಗಂಗಾರಾಮನ ಹೆಸರು ಉಳಿದಿದೆ, ಆತನ ಹಾಳೆಗಳೂ ಉಳಿದಿವೆ. ಅವುಗಳ ಮುಖ್ಯ ಸಂಗ್ರಹ ಅಮೆರಿಕದ ನ್ಯೂ ಹೇವನ್‌ನಲ್ಲಿರುವ ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್‌ನಲ್ಲಿದೆ.

ಒಳಾಂಗಣದ ರೇಖಾಚಿತ್ರವೆಂಬುದು ಅದೇ ಶತಮಾನದ ಯೂರೋಪಿನಲ್ಲಿ ಬಹುಮಟ್ಟಿಗೆ ಬೆಂಕಿಯ ಸುತ್ತ ಬೆಳೆದ ಪ್ರಕಾರ. ಚಳಿನಾಡಿನ ಮನೆಯಲ್ಲಿ ಗೋಡೆಯೊಳಗಿನ ಅಗ್ಗಿಷ್ಟಿಕೆಯೇ ಕೋಣೆಯ ಕೇಂದ್ರ. ಬೆಳಕು ಅಲ್ಲಿಂದ ಬರುತ್ತದೆ, ಜನ ಅಲ್ಲಿಗೆ ಮುಖ ಮಾಡಿ ಕೂರುತ್ತಾರೆ, ನೆರಳುಗಳೆಲ್ಲ ಅದರಿಂದ ಹೊರಕ್ಕೆ ಹಾಯುತ್ತವೆ. 17ನೆಯ ಶತಮಾನದ ಡಚ್ ಕಲಾವಿದರೂ ಬಳಸಿದ್ದ ಈ ಜೋಡಣೆಯನ್ನು ಮುಂದಿನ ಶತಮಾನದವರು ಲೇಖನಿ ಮತ್ತು ತೆಳು ಬಣ್ಣದಲ್ಲಿ ಮುಂದುವರಿಸಿದರು. ಇಂಗ್ಲೆಂಡಿನ ಪಾಲ್ ಸ್ಯಾಂಡ್‌ಬಿ ವಿಂಡ್ಸರ್ ಉದ್ಯಾನದ ಸ್ಯಾಂಡ್‌ಪಿಟ್ ಗೇಟ್ ಮನೆಯ ಅಡುಗೆಕೋಣೆಯನ್ನೂ ಅಲ್ಲಿನ ಆಳುಗಳನ್ನೂ ಬರೆದ. ಬರ್ಲಿನ್ನಿನ ಡ್ಯಾನಿಯಲ್ ಖೊಡೊವಿಯೆಟ್ಸ್‌ಕಿ ತನ್ನ ಸ್ವಂತ ಸಂಸಾರವನ್ನೇ ಕೋಣೆಯೊಳಗೆ ಕೂರಿಸಿ 1771ರಲ್ಲಿ ತಾಮ್ರದ ಫಲಕದಿಂದ ಅಚ್ಚು ತೆಗೆದ. ಇಂಥ ಚಿತ್ರಗಳಿಗೆ ಕಲಾವಿದರು ಬಿಸ್ಟರ್ ಎಂಬ ಕಂದು ಶಾಯಿಯನ್ನು ಬಳಸುತ್ತಿದ್ದುದುಂಟು. ಸೌದೆ ಉರಿದು ಹೊಗೆಗೂಡಿನಲ್ಲಿ ಕಟ್ಟಿದ ಇಲ್ಲಣವನ್ನು ನೀರಿನಲ್ಲಿ ಕುದಿಸಿ ಸೋಸಿದರೆ ಬಿಸ್ಟರ್ ಸಿದ್ಧ. ಒಲೆಯ ಚಿತ್ರವನ್ನು ಒಲೆಯ ಮಸಿಯಿಂದಲೇ ಬರೆದಂತಾಗುತ್ತಿತ್ತು.

ಪುಣೆಯ ಲೇಖನಿಗೂ ಬೆಂಕಿಗೂ ಇದೇ ನಂಟು. ಕನ್ನಡದಲ್ಲಿ ‘ಮಸಿ’ ಎಂದರೆ ಪಾತ್ರೆಯ ತಳಕ್ಕೆ ಹಿಡಿಯುವ ಕಪ್ಪೂ ಹೌದು, ಕುಡಿಕೆಯಲ್ಲಿ ಲೇಖನಿ ಅದ್ದುವ ದ್ರವವೂ ಹೌದು. ಎರಡೂ ಒಂದೇ ವಸ್ತುವೆಂಬ ತಿಳಿವಳಿಕೆ ಆ ಪದದಲ್ಲೇ ಇದೆ. ಎಣ್ಣೆ ದೀಪದ ಮೇಲೆ ಮಡಕೆ ಕವುಚಿ ಹಿಡಿದ ಕಪ್ಪನ್ನು ಜಾಲಿ ಮರದ ಗೋಂದಿನ ನೀರಿನಲ್ಲಿ ಬಹಳ ಹೊತ್ತು ಅರೆದರೆ ದೇಶೀ ಶಾಯಿ ದೊರೆಯುತ್ತದೆ. ಅದು ಇಂಗಾಲವಾದ್ದರಿಂದ ಬಿಸಿಲಿಗೆ ಮಾಸುವುದಿಲ್ಲ. ಯೂರೋಪಿನಲ್ಲಿ ಬಳಕೆಯಲ್ಲಿದ್ದ ಓಕ್ ಮರದ ಮಾಚಿಕಾಯಿ ಮತ್ತು ಕಬ್ಬಿಣದ ಉಪ್ಪಿನ ಶಾಯಿಯಾದರೋ ಕಾಲ ಕಳೆದಂತೆ ಕಂದಾಗಿ ಕಾಗದವನ್ನೇ ತಿಂದುಹಾಕುತ್ತದೆ. ಪುಣೆಯ ಕಾರಕೂನರು ‘ಬೋರು’ ಎಂಬ ಜೊಂಡಿನ ಲೇಖನಿಯನ್ನು ಓರೆಯಾಗಿ ಕತ್ತರಿಸಿಕೊಂಡು ಇಂಥ ಶಾಯಿಯಲ್ಲಿ ಮರಾಠಿಯ ಮೋಡಿ ಲಿಪಿ ಬರೆಯುತ್ತಿದ್ದರು. ಕಾಗದವೂ ಹತ್ತಿರದಲ್ಲೇ ಸಿಗುತ್ತಿತ್ತು. ಜುನ್ನರ್ ಮತ್ತು ದೌಲತಾಬಾದು ಕೈಕಾಗದಕ್ಕೆ ಹೆಸರಾದ ಊರುಗಳು. ಪುಣೆಯ ಕಸಬಾ ಪೇಟೆಯಲ್ಲಿ ಕಾಗದಗಾರರ ಕೇರಿ ಕಾಗದೀಪುರವೆಂಬ ಹೆಸರಿನಿಂದಲೇ ಇದೆ. ಪೇಶ್ವೆಗಳ ಆಡಳಿತ ದಿನದಿನವೂ ಮೋಡಿ ಬರಹದಲ್ಲಿ ನಡೆಯುತ್ತಿದ್ದುದರಿಂದ ಮಸಿ, ಕಾಗದ, ಕೈ ಮೂರಕ್ಕೂ ಆ ನಗರದಲ್ಲಿ ಕೊರತೆ ಇರಲಿಲ್ಲ.

ಅದೇ ಕಸಬಾ ಪೇಟೆಯಲ್ಲಿ ತಾಂಬಟ ಆಳಿ, ಅಂದರೆ ತಾಮ್ರಗಾರರ ಓಣಿ ಇದೆ. ತಾಂಬಟ ಎಂಬುದು ಕುಲಕಸುಬಿನ ಹೆಸರು; ನಮ್ಮ ‘ತಂಬಿಗೆ’ಯೂ ಅದೂ ತಾಮ್ರವೆಂಬ ಒಂದೇ ಮೂಲದಿಂದ ಬಂದ ಮಾತುಗಳು. ಪೇಶ್ವೆಗಳ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆಸಿದ ಈ ಕುಶಲಕರ್ಮಿಗಳು ಹಂಡೆ, ಕೊಡ, ಬಿಸಿನೀರಿನ ಬಂಬು, ಪೂಜೆಯ ಪಾತ್ರೆಗಳನ್ನು ಮಾಡುತ್ತ ಬಂದವರು. ತಾಮ್ರದ ತಗಡನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮೆತ್ತಗಾಗಿಸುತ್ತಾರೆ, ಬಡಿದು ಆಕಾರಕ್ಕೆ ತರುತ್ತಾರೆ, ಬಡಿತದಿಂದ ಗಡುಸಾದ ಲೋಹವನ್ನು ಮತ್ತೆ ಕಾಯಿಸುತ್ತಾರೆ. ಕೊನೆಯಲ್ಲಿ ನುಣುಪು ಸುತ್ತಿಗೆಯಿಂದ ಸಾಲುಸಾಲಾಗಿ, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ ಸಣ್ಣ ಗುಳಿಗಳನ್ನು ಮೂಡಿಸುವ ಕೆಲಸಕ್ಕೆ ‘ಮಠಾರ್ ಕಾಮ್’ ಎನ್ನುತ್ತಾರೆ. ಇದು ಅಲಂಕಾರವಷ್ಟೇ ಅಲ್ಲ, ಪಾತ್ರೆಗೆ ಬಲ ಕೊಡುವ ಉಪಾಯ. ಕಣ್ಣಳತೆ ಒಂದು ಕೂದಲು ತಪ್ಪಿದರೂ ಹೊಳಪಿನ ಮೈಮೇಲೆ ಅದು ಎದ್ದು ಕಾಣುತ್ತದೆ. ಗಂಗಾರಾಮ ಬಂದದ್ದು ಇಂಥ ಕುಲದಿಂದ, ಆಸ್ಥಾನದ ಚಿತ್ರಗಾರರ ಮನೆತನದಿಂದಲ್ಲ. ಕುಲುಮೆಯೆದುರಿನ ಕಸುಬಿನಲ್ಲಿ ಪಳಗುವ ಕಣ್ಣು ಮತ್ತು ಮಣಿಕಟ್ಟು ಆತನ ರೇಖೆಯ ಹಿಂದಿವೆ ಎಂದು ಆ ಹಾಳೆಗಳನ್ನು ನೋಡುವವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮ್ಯಾಲೆಟ್ ಪುಣೆಗೆ ಬಂದದ್ದು 1786ರಲ್ಲಿ. ಮುಳಾ ಮತ್ತು ಮುಠಾ ನದಿಗಳು ಕೂಡುವ ಸಂಗಮದ ದಂಡೆಯಲ್ಲಿ ರೆಸಿಡೆನ್ಸಿ ನೆಲೆಗೊಂಡಿತು. ಆತನ ರಾಜಕೀಯ ಕೆಲಸ ಕನ್ನಡ ನಾಡಿಗೆ ನೇರವಾಗಿ ತಟ್ಟಿದ್ದು: ಟಿಪ್ಪು ಸುಲ್ತಾನನ ವಿರುದ್ಧ ಕಂಪನಿ, ಮರಾಠರು ಮತ್ತು ನಿಜಾಮ ಒಂದಾದ 1790ರ ಪುಣೆ ಒಪ್ಪಂದವನ್ನು ಕುದುರಿಸಿದವನು ಇವನೇ. ಮೂರನೆಯ ಮೈಸೂರು ಯುದ್ಧ ಶ್ರೀರಂಗಪಟ್ಟಣದ ಗೋಡೆಯವರೆಗೆ ಹೋದದ್ದು ಆ ಕೂಟದ ಬಲದಿಂದ. ಈ ಸೇವೆಗಾಗಿ 1791ರಲ್ಲಿ ಆತನಿಗೆ ಬ್ಯಾರೊನೆಟ್ ಪದವಿ ಬಂತು. ರಾಜಕಾರಣದ ಬಿಡುವಿನಲ್ಲಿ ಗುಹಾಲಯಗಳು, ಪ್ರಾಣಿಗಳು, ಆಚರಣೆಗಳು, ಎಲ್ಲದರ ದಾಖಲೆ ಮಾಡಿಡುವ ಹಂಬಲ ಆತನಿಗಿತ್ತು. ಅದಕ್ಕೆ ಬೇಕಾದ ಕೈಯಾಗಿ ಸಿಕ್ಕವನು ಗಂಗಾರಾಮ.

ಗಂಗಾರಾಮನ ದಿನಾಂಕವಿರುವ ಚಿತ್ರಗಳಲ್ಲಿ ಪ್ರಸಿದ್ಧವಾದದ್ದು 1790ರ ನವೆಂಬರಿನದು. ಪೇಶ್ವೆಯ ಪ್ರಾಣಿಸಂಗ್ರಹದಲ್ಲಿದ್ದ ಖಡ್ಗಮೃಗ ಅದರ ವಸ್ತು. ಚರ್ಮದ ಮಡಿಕೆಗಳನ್ನೂ ಅದರ ಮೇಲಿನ ಗಂಟುಗಂಟಾದ ಮೈಯನ್ನೂ ಒಂದೊಂದಾಗಿ ಲೆಕ್ಕ ಹಾಕಿ ಬರೆದಂತಿರುವ ಆ ಚಿತ್ರದಲ್ಲಿ ಪ್ರಾಣಿಯ ಭಾರ ಕಾಣುತ್ತದೆ. ಸಿಂಹವನ್ನೂ ಆತ ಬರೆದ. ಪರ್ವತಿ ಗುಡ್ಡದ ಬಳಿ ಪೇಶ್ವೆ ಬ್ರಾಹ್ಮಣರಿಗೆ ದಕ್ಷಿಣೆ ಹಂಚುವ ನೋಟ ಸುಮಾರು 1795ರದು. ಗುಡ್ಡ, ಮೆಟ್ಟಿಲು, ದೇವಾಲಯ, ಕೆಳಗಿನ ಆವರಣಗಳು ಒಂದೇ ಹಾಳೆಯಲ್ಲಿ ನಕ್ಷೆಯಂತೆಯೂ ನೋಟದಂತೆಯೂ ಬರುತ್ತವೆ.

ಈ ದಿನಾಂಕಗಳಿಂದ ಒಂದು ಹಳೆಯ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ. ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನಲ್ಲಿ 1747ರಲ್ಲಿ ಹುಟ್ಟಿದ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ 1791ರಲ್ಲಿ ಮುಂಬಯಿಗೆ ಬಂದು, ಮರುವರ್ಷ ಪುಣೆ ಸೇರಿದ. ಪೇಶ್ವೆಗಳ ಅರಮನೆಯಾದ ಶನಿವಾರವಾಡೆಯಲ್ಲಿ ಆತನ ಪ್ರಭಾವದಿಂದ ಚಿತ್ರಶಾಲೆಯೊಂದು ನಡೆಯಿತೆಂದೂ ಗಂಗಾರಾಮ ಅಲ್ಲಿಯ ಮೇಲುಮಟ್ಟದ ಶಿಷ್ಯನೆಂದೂ ಹೇಳುವ ರೂಢಿ ಇದೆ. 1921ರಲ್ಲಿ ಪುಣೆಯ ಗತಕಾಲದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಇತಿಹಾಸಕಾರ ದ. ಬ. ಪಾರಸನೀಸರ ಮೂಲಕ ಈ ಸಂಗತಿ ಹೆಚ್ಚು ಪ್ರಚಾರಕ್ಕೆ ಬಂತು. ವೇಲ್ಸ್ ಮತ್ತು ಗಂಗಾರಾಮ ಒಟ್ಟಿಗೆ ಕೆಲಸ ಮಾಡಿದ್ದು ನಿಜ. ಆದರೆ ಖಡ್ಗಮೃಗವನ್ನು ಬರೆದ ಹೊತ್ತಿಗೆ ವೇಲ್ಸ್ ಇನ್ನೂ ಭಾರತದ ನೆಲ ಮೆಟ್ಟಿರಲಿಲ್ಲ. ವೇಲ್ಸ್ ಪುಣೆಗೆ ಬಂದಾಗ ಕಂಡದ್ದು ಆಗಲೇ ಕೈ ಪಳಗಿದ್ದ, ಮ್ಯಾಲೆಟ್‌ನ ನಂಬಿಕೆ ಗಳಿಸಿದ್ದ ಕಲಾವಿದನನ್ನು. ಒಬ್ಬ ಗುರು, ಒಬ್ಬ ಶಿಷ್ಯ ಎನ್ನುವುದಕ್ಕಿಂತ ಒಂದೇ ಯಜಮಾನನ ಬಳಿ ಕೂಡಿದ ಇಬ್ಬರು ಕಸುಬುದಾರರು ಎನ್ನುವುದು ನ್ಯಾಯ.

ವೆರೂಳ ಎಂದು ಮರಾಠಿಗರು ಕರೆಯುವ ಎಲ್ಲೋರದ ಹಾಳೆಗಳು ಗಂಗಾರಾಮನ ಕೆಲಸದ ತಿರುಳು. ಅಜಂತಾ ಬ್ರಿಟಿಷರ ಕಣ್ಣಿಗೆ ಬಿದ್ದದ್ದು 1819ರಲ್ಲಿ. ಅದಕ್ಕೆ ಕಾಲು ಶತಮಾನ ಮೊದಲೇ ಪುಣೆಯ ಈ ಚಿತ್ರಕಾರ ಎಲ್ಲೋರದ ಗುಹೆಗಳಲ್ಲಿ ಕೂತು ಬರೆಯುತ್ತಿದ್ದ. ಬಂಡೆಯೊಳಗೆ ಕೊರೆದ ಕೋಣೆ ಒಳಾಂಗಣಗಳಲ್ಲೆಲ್ಲ ಕಠಿಣವಾದದ್ದು. ಬೆಳಕು ಬರುವುದು ಒಂದೇ ಕಡೆಯಿಂದ, ಮುಂಭಾಗದ ಕಂಬಗಳ ನಡುವಿನಿಂದ. ಹತ್ತು ಹೆಜ್ಜೆ ಒಳಗೆ ಹೋದರೆ ಶಿಲ್ಪದ ಅಂಚು ಕರಗುತ್ತದೆ. ಗರ್ಭಗುಡಿಯ ಬಳಿ ಪಂಜು ಹಿಡಿಯದೆ ಏನೂ ಕಾಣುವುದಿಲ್ಲ. ಯೂರೋಪಿನ ಕಲಾವಿದ ಇಂಥಲ್ಲಿ ಕತ್ತಲೆಯನ್ನೇ ಬರೆಯುತ್ತಿದ್ದ: ಗಾಢ ನೆರಳು, ಅದರ ಮುಂದೆ ಪುಟ್ಟ ಮನುಷ್ಯ, ಮುರಿದ ಕಂಬದ ಮೇಲೆ ಬಳ್ಳಿ. ಗಂಗಾರಾಮನ ದಾರಿ ಬೇರೆ. ಆತನ ಗಮನ ಅಂಚುಗೆರೆಯ ಮೇಲೆ. ಕಂಬದ ಕುಂಭ ಎಷ್ಟು ಉಬ್ಬಿದೆ, ಮೂರ್ತಿಯ ಎಷ್ಟನೆಯ ಕೈಯಲ್ಲಿ ಯಾವ ಆಯುಧವಿದೆ, ಬಾಗಿಲುವಾಡದ ಪಟ್ಟಿಕೆಗಳೆಷ್ಟು ಎಂಬುದು ಶಾಯಿಯಲ್ಲಿ ಸ್ಪಷ್ಟವಾಗಬೇಕು. ನೆರಳು ಬೇಕಾದಲ್ಲಿ ತೆಳುವಾಗಿ ಬರುತ್ತದೆ, ರೇಖೆಯನ್ನು ನುಂಗುವುದಿಲ್ಲ. ಮೂರ್ತಿಯನ್ನು ಪೂಜಿಸಬಲ್ಲವನಿಗೆ ಆಯುಧ ತಪ್ಪಿದರೆ ದೇವರೇ ತಪ್ಪಿದಂತೆ. ಆದ್ದರಿಂದ ಇದನ್ನು ನೆರಳು-ಬೆಳಕು, ದೂರ-ಸಮೀಪ ಬರೆಯಲು ಬಾರದವನ ಮಿತಿ ಎಂದು ಓದುವುದು ಸರಿಯಲ್ಲ.

ಎಲ್ಲೋರದ ಕೈಲಾಸನಾಥ ಕನ್ನಡಿಗರಿಗೆ ದೂರದ ಗುಡಿಯಲ್ಲ. ಮುಂದೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ವಂಶದ ಒಂದನೆಯ ಕೃಷ್ಣನ ಕಾಲದಲ್ಲಿ, 8ನೆಯ ಶತಮಾನದ ಉತ್ತರಾರ್ಧದಲ್ಲಿ, ಅದು ಮೇಲಿನಿಂದ ಕೆಳಗೆ ಬಂಡೆ ಕಡಿದು ಮೂಡಿತು. 812ರ ಬರೋಡ ತಾಮ್ರಶಾಸನ ಏಲಾಪುರದ, ಅಂದರೆ ಎಲ್ಲೋರದ, ಈ ದೇವಾಲಯವನ್ನು ಕೃಷ್ಣರಾಜನದೆಂದು ಹೊಗಳುತ್ತದೆ. ಅದರ ವಿನ್ಯಾಸದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷನ ನೆನಪು ಗಾಢವಾಗಿದೆ. ಸುಮಾರು 276 ಅಡಿ ಉದ್ದ, 154 ಅಡಿ ಅಗಲದ ಅಂಗಳ, ಹಿಂಬದಿಯಲ್ಲಿ 107 ಅಡಿ ಎತ್ತರದ ಕಡಿದ ಗೋಡೆ. ಇಂಥದ್ದನ್ನು ಒಂದು ಹಾಳೆಗೆ ಇಳಿಸಲು ಯಾವ ಒಂದು ಕೋನವೂ ಸಾಲದು. ನಕ್ಷೆ, ನಿಲುವುಚಿತ್ರ, ಬಿಡಿ ಶಿಲ್ಪ ಎಂದು ಭಾಗಭಾಗವಾಗಿ ಒಡೆದುಕೊಂಡೇ ಬರೆಯಬೇಕು.

ಗುಹೆಯ ಒಳಗೆ ತಾನೂ ಒಬ್ಬ ಸಾಧುವೂ ಇರುವಂತೆ ಗಂಗಾರಾಮ ಬರೆದ ಒಂದು ಚಿತ್ರ ಈ ಹಾಳೆಗಳ ನಡುವೆ ವಿಶೇಷವಾದದ್ದು. ಸಾಧು ಆತನ ಗುರು ಎಂದು ಗುರುತಿಸಲಾಗಿದೆ. ಕಂಪನಿಯ ಅಧಿಕಾರಿಗಾಗಿ ಕೆಲಸ ಮಾಡಿದ ದೇಶೀ ಚಿತ್ರಕಾರನೊಬ್ಬ ತನ್ನ ಮುಖವನ್ನು ತಾನೇ ಉಳಿಸಿಹೋದದ್ದು ಅಪರೂಪ. ಕಲಿಸಿದವನೆಂದು ಆತ ಪಕ್ಕದಲ್ಲಿ ಕೂರಿಸಿಕೊಂಡದ್ದು ಸಾಹೇಬನನ್ನಲ್ಲ ಎಂಬುದನ್ನೂ ಗಮನಿಸಬೇಕು.

ಮ್ಯಾಲೆಟ್ 1794ರಲ್ಲಿ ಗವರ್ನರ್ ಜನರಲ್ ಜಾನ್ ಶೋರ್‌ಗೆ ಎಲ್ಲೋರದ ಗುಹೆಗಳ ವಿವರಣೆಯನ್ನು ಬರೆದು ಕಳಿಸಿದ. ಅದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ 6ನೆಯ ಸಂಪುಟದಲ್ಲಿ ಅಚ್ಚಾಯಿತು. ಗುಹೆಗಳ ಅಚ್ಚುಚಿತ್ರಗಳ ಇತಿಹಾಸ ಆಮೇಲೆ ವೇಲ್ಸ್‌ನ ಹೆಸರಿಗೆ ಹೊರಳಿತು. 1803ರಲ್ಲಿ ಇಂಗ್ಲಿಷ್ ಚಿತ್ರಕಾರ ಥಾಮಸ್ ಡ್ಯಾನಿಯಲ್ ಲಂಡನ್ನಿನಲ್ಲಿ ಹೊರತಂದ 24 ಎಲ್ಲೋರ ಚಿತ್ರಗಳ ಸಂಪುಟದ ಮುಖಪುಟದಲ್ಲಿರುವುದು ಜೇಮ್ಸ್ ವೇಲ್ಸ್‌ನ ಚಿತ್ರಗಳಿಂದ ಎಂಬ ಮಾತು ಮಾತ್ರ. ಅದೇ ಗುಹೆಗಳಲ್ಲಿ ದುಡಿದ ಪುಣೆಯ ಕೈ ಅಲ್ಲಿ ಕಾಣೆಯಾಗಿದೆ.

ಪುಣೆ ನಗರದೊಳಗಿನ ಒಳಾಂಗಣಗಳಲ್ಲಿ ಚಿತ್ರಕ್ಕೆ ಬಂದದ್ದು ಮುಖ್ಯವಾಗಿ ದರ್ಬಾರು. ಶನಿವಾರವಾಡೆಗೆ ಒಂದನೆಯ ಬಾಜೀರಾಯ 1730ರಲ್ಲಿ ತಳಪಾಯ ಹಾಕಿದ. ಅದರೊಳಗಿನ ಗಣಪತಿ ರಂಗಮಹಲನ್ನು ಕಟ್ಟಿಸಿದವನು ಮಗ ಬಾಳಾಜಿ ಬಾಜೀರಾಯ, 1755ರಲ್ಲಿ. ತೇಗದ ಮರದಲ್ಲಿ ಸುರು (ಸೈಪ್ರಸ್) ಮರದಂತೆ ನೇರ ಏರುವ ಕಂಬಗಳು, ಅವುಗಳ ನಡುವೆ ಕಮಾನು, ಬಣ್ಣದ ಗೋಡೆ, ಕೊನೆಯಲ್ಲಿ ಗಣಪತಿ. ಈ ಸಭಾಂಗಣವನ್ನು ಇಂದು ನೋಡಬೇಕೆಂದರೆ ಡ್ಯಾನಿಯಲ್ 1805ರಲ್ಲಿ ಬರೆದು ಮುಗಿಸಿದ ದೊಡ್ಡ ತೈಲಚಿತ್ರದ ಮುಂದೆ ನಿಲ್ಲಬೇಕು. 1790ರ ಒಪ್ಪಂದದ ಸಂದರ್ಭದಲ್ಲಿ ತರುಣ ಪೇಶ್ವೆಯೆದುರು ಮ್ಯಾಲೆಟ್ ಕೂತಿರುವ ದೃಶ್ಯವಿದು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ವೇಲ್ಸ್ ಮಾಡಿಟ್ಟಿದ್ದ ಅಭ್ಯಾಸಚಿತ್ರಗಳನ್ನು ಆಧರಿಸಿದ ರಚನೆ ಇದು, ಮತ್ತು ವೇಲ್ಸ್ ಪುಣೆಗೆ ಬಂದದ್ದು ಒಪ್ಪಂದವಾಗಿ ಎರಡು ವರ್ಷದ ಮೇಲೆ. ಹಾಗಾಗಿ ಘಟನೆಗೆ ಇದನ್ನು ಕಣ್ಣಾರೆ ಕಂಡ ಸಾಕ್ಷಿಯೆಂದು ಹಿಡಿಯಲಾಗದು. ಕೋಣೆಗೆ ಮತ್ತು ಮುಖಗಳಿಗೆ ಅದು ಒಳ್ಳೆಯ ಸಾಕ್ಷಿ. ಪೇಶ್ವೆ, ಆತನ ಮಂತ್ರಿ ನಾನಾ ಫಡ್ನವೀಸ್, ಮರಾಠ ಸರದಾರ ಮಹಾದಜಿ ಶಿಂದೆ ಇವರ ಭಾವಚಿತ್ರಗಳನ್ನೂ ವೇಲ್ಸ್ ಬರೆದಿದ್ದ. ಆತನ ಸಹಾಯಕ ರಾಬರ್ಟ್ ಮೇಬನ್ ಬೀದಿಯ ಜನ ಮತ್ತು ಕಸುಬುಗಳ ಚಿತ್ರಗಳಿಗೆ ಕೈ ಹಾಕಿ 1797ರಲ್ಲಿ ಕಲ್ಕತ್ತೆಯಲ್ಲಿ ಒಂದು ಸಂಪುಟ ಪ್ರಕಟಿಸಿದ.

ಉರಿಯುವ ಒಲೆಯ ಸುತ್ತಲಿನ ಮನೆಯೊಳಗು, ಯೂರೋಪಿನವರಿಗೆ ಅಷ್ಟು ಪ್ರಿಯವಾದ ಆ ವಸ್ತು, ಈ ಪುಣೆ ಹಾಳೆಗಳ ಮುಖ್ಯ ವಸ್ತುಗಳಲ್ಲಿ ಬರುವುದಿಲ್ಲ. ಅದಕ್ಕೆ ಕಾರಣ ಪುಣೆಯ ವಾಡೆಯ, ಅಂದರೆ ನಡುವೆ ಅಂಗಳವಿರುವ ದೊಡ್ಡ ಮನೆಯ, ರಚನೆಯಲ್ಲೇ ಇದೆ. ಕುಳಿತು ಮಾತಾಡುವ ಪಡಸಾಲೆಗೆ ಬೆಂಕಿ ಬೇಕಿಲ್ಲ. ಚಳಿಗಾಲದ ಇರುಳಿಗೆ ಕೆಂಡದ ಶೇಗಡಿ ಒಂದು ಸಾಕು, ಅದೂ ಎತ್ತಿ ಒಯ್ಯುವಂಥದ್ದು. ಬೆಳಕು ಬರುವುದು ನಡುವಿನ ಚೌಕದಿಂದ. ಬೆಂಕಿ ಇರುವುದು ಹಿಂದೆ, ಮಡಿಯ ಅಡುಗೆಮನೆಯಲ್ಲಿ, ಮತ್ತು ದೇವರಮನೆಯ ದೀಪದಲ್ಲಿ. ಅರಮನೆಯ ಅಡುಗೆಶಾಲೆಗೆ ‘ಮುದಪಾಕಖಾನೆ’ ಎಂಬ ಪ್ರತ್ಯೇಕ ವಿಭಾಗವೇ ಇತ್ತು. ಬ್ರಾಹ್ಮಣ ಮನೆಯ ಒಲೆಯ ಬಳಿಗೆ ಮಡಿಯುಟ್ಟವರಿಗಷ್ಟೇ ಪ್ರವೇಶ. ಅಲ್ಲಿ ರೆಸಿಡೆಂಟನಿಗೆ ಎಡೆಯಿಲ್ಲ, ಆತನಿಗಾಗಿ ಬರೆಯುವ ತಾಂಬಟನಿಗೂ ಎಡೆಯಿಲ್ಲ. ತನ್ನ ಕುಲದ ಕಸುಬಿನ ಕುಲುಮೆಯನ್ನೇನೋ ಗಂಗಾರಾಮ ಕಣ್ಣುಮುಚ್ಚಿಯೂ ಬರೆಯಬಲ್ಲವನಾಗಿದ್ದಿರಬಹುದು. ಆದರೆ ಯಜಮಾನ ಕೇಳುತ್ತಿದ್ದುದು ಗುಹೆಗಳನ್ನು, ಖಡ್ಗಮೃಗವನ್ನು. ಏನನ್ನು ಬರೆಯಬೇಕೆಂಬ ತೀರ್ಮಾನ ದುಡ್ಡು ಕೊಡುವವನ ಕೈಯಲ್ಲಿದ್ದಾಗ ಕಲಾವಿದನ ಮನೆಯೊಳಗು ಕಾಗದಕ್ಕೆ ಇಳಿಯುವುದು ಕಷ್ಟ.

1795ರ ಅಕ್ಟೋಬರಿನಲ್ಲಿ ಸವಾಯಿ ಮಾಧವರಾಯ ಶನಿವಾರವಾಡೆಯ ಮೇಲಿನಿಂದ ಬಿದ್ದು ತೀರಿಕೊಂಡ. ಮರುತಿಂಗಳು ಠಾಣೆಯಲ್ಲಿ ವೇಲ್ಸ್ ಸತ್ತ. ಮ್ಯಾಲೆಟ್ 1797ರಲ್ಲಿ ಪುಣೆ ಬಿಟ್ಟು, ಮರುವರ್ಷ ಇಂಗ್ಲೆಂಡಿಗೆ ಹೊರಟ. 1799ರಲ್ಲಿ ವೇಲ್ಸ್‌ನ ಮಗಳು ಸುಸಾನಾಳನ್ನು ಮದುವೆಯಾದ. ಹೀಗೆ ಇಬ್ಬರ ಸಂಗ್ರಹ ಒಂದೇ ಮನೆತನದಲ್ಲಿ ಕೂಡಿತು. ಈ ಹಾಳೆಗಳು ಉಳಿದದ್ದು ಊರು ಬಿಟ್ಟು ಹೋದದ್ದರಿಂದಲೇ. 1817ರ ನವೆಂಬರ್ 5ರಂದು ಕಂಪನಿಗೂ ಪೇಶ್ವೆಗೂ ನಡೆದ ಖಡಕಿಯ ಯುದ್ಧದ ದಿನ ಪೇಶ್ವೆಯ ಪಡೆಯವರು ಸಂಗಮದ ರೆಸಿಡೆನ್ಸಿಗೆ ಬೆಂಕಿ ಇಟ್ಟರು. ಆಗಿನ ರೆಸಿಡೆಂಟ್ ಎಲ್ಫಿನ್‌ಸ್ಟನ್‌ನ ಪುಸ್ತಕಗಳೂ ಕಾಗದಪತ್ರಗಳೂ ಬೂದಿಯಾದವು. 1828ರ ಫೆಬ್ರವರಿಯಲ್ಲಿ ಶನಿವಾರವಾಡೆಗೆ ಬೆಂಕಿ ಬಿತ್ತು. ತೇಗದ ಮಹಡಿಗಳು ದಿನಗಟ್ಟಲೆ ಉರಿದು, ಗಣಪತಿ ರಂಗಮಹಲೂ ಗೋಡೆಯ ಚಿತ್ರಗಳೂ ಹೋಗಿ, ಕಲ್ಲಿನ ಕೋಟೆಗೋಡೆ, ದಿಲ್ಲಿ ದರವಾಜಾ, ಕಾರಂಜಿಯ ಕುಳಿಗಳು ಮಾತ್ರ ನಿಂತವು.

ಗಂಗಾರಾಮನ ಹೆಸರು ಮತ್ತೆ ಚರ್ಚೆಗೆ ಬಂದದ್ದು 20ನೆಯ ಶತಮಾನದಲ್ಲಿ. ಕಲಾ ಇತಿಹಾಸಕಾರ್ತಿ ಮಿಲ್ಡ್ರೆಡ್ ಆರ್ಚರ್ 1979ರ ತಮ್ಮ ಗ್ರಂಥದಲ್ಲಿ ವೇಲ್ಸ್‌ನ ಪುಣೆ ವರ್ಷಗಳನ್ನು ವಿವರಿಸಿದರು. ಪಾಲ್ ಮೆಲನ್ ದಾನದಿಂದ ರೂಪುಗೊಂಡು 1977ರಲ್ಲಿ ತೆರೆದ ಯೇಲ್ ಸೆಂಟರಿಗೆ ಚಿತ್ರಗಳೂ ವೇಲ್ಸ್‌ನ ದಿನಚರಿಯೂ ಸೇರಿದ ಮೇಲೆ ಹೋಲಿಸಿ ಓದುವುದು ಸಾಧ್ಯವಾಯಿತು. ಅಲ್ಲಿ 2011ರಲ್ಲಿ ಹಾಲಿ ಶಾಫರ್ ರೂಪಿಸಿದ ಪ್ರದರ್ಶನ ಗಂಗಾರಾಮನನ್ನು ಗುಂಪಿನ ನಡುವಿನಿಂದ ಎತ್ತಿ ಮುಂದೆ ನಿಲ್ಲಿಸಿತು. ಮರಾಠ ಮತ್ತು ಬ್ರಿಟಿಷ್ ಕಲಾವ್ಯವಹಾರವನ್ನು ಕುರಿತ ಅವರ ಗ್ರಂಥ 2022ರಲ್ಲಿ ಬಂತು.

ಪುಣೆಯಲ್ಲಿ ಆ ಕಾಲದ ಒಳಾಂಗಣವನ್ನು ಅರಿಯಲು ಇರುವ ದಾರಿ ವಸ್ತುಗಳದು. ದಿನಕರ ಗಂಗಾಧರ ಕೇಳಕರ ಜೀವಮಾನವಿಡೀ ಕೂಡಿಟ್ಟು 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ದೀಪ, ಪಾತ್ರೆ, ಕೆತ್ತಿದ ಬಾಗಿಲುಗಳಿವೆ. ಸಾತಾರ ಜಿಲ್ಲೆಯ ವಾಯಿ ಬಳಿಯ ಮೇಣವಲಿಯಲ್ಲಿ ನಾನಾ ಫಡ್ನವೀಸರ ವಾಡೆ ತನ್ನ ಗೋಡೆಚಿತ್ರಗಳೊಡನೆ ನಿಂತಿದೆ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಕೆಲವು ಮನೆಗಳವರು ಈಗಲೂ ತಾಮ್ರ ಕಾಯಿಸಿ ಬಡಿಯುತ್ತಾರೆ. ಬಂಬು, ಹಂಡೆಗಳ ಬೇಡಿಕೆ ಇಳಿದ ಮೇಲೆ ತಟ್ಟೆ, ಲೋಟ, ದೀಪದ ಕವಚಗಳ ಮೇಲೆ ಅದೇ ಮಠಾರ್ ಗುಳಿಗಳು ಮೂಡುತ್ತಿವೆ.